ಹತ್ತುವ ನೀರಿಗೆ ಮನುಷ್ಯ ಬೇಕು

ಮಾರೆಪ್ಪನವರು ನೀರನ್ನು ಕಿವಿಯಿಂದ ನೋಡುತ್ತಿದ್ದರು. ವಾಲ್ವ್ ತಿರುಗಿಸುವ ಎದೆಯೆತ್ತರದ ಕಬ್ಬಿಣದ ಕೀಯನ್ನು ಗುಂಡಿಯೊಳಗೆ ಇಳಿಸಿ, ಮೇಲಿನ ಅಡ್ಡಹಿಡಿಗೆ ಬಲಗಿವಿ ಹಚ್ಚಿ, ಕಣ್ಣು ಮುಚ್ಚಿ ನಿಂತುಬಿಡುವರು. ಮೇ ತಿಂಗಳ ವಿಜಯವಾಡದಲ್ಲಿ ಸಂಜೆ ನಾಲ್ಕಕ್ಕೆ ಆ ಕಬ್ಬಿಣವನ್ನು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಹೆಗಲ ಮೇಲಿನ ಟವೆಲನ್ನು ನಾಲ್ಕು ಮಡಿಕೆ ಮಾಡಿ ಕಿವಿಗೂ ಕಬ್ಬಿಣಕ್ಕೂ ನಡುವೆ ಇಟ್ಟುಕೊಳ್ಳುವರು. "ಗಾಳಿ ಹೊಂಟೈತಿ" ಎನ್ನುವರು. ಸ್ವಲ್ಪ ಹೊತ್ತು ಬಿಟ್ಟು, "ಈಗ ನೀರು ಬಂತು ನೋಡು, ಮೆಟ್ಲ ತಿರುವಿನ ಹತ್ರ ಐತಿ" ಎನ್ನುವರು. ನಾನು ನಾಲ್ಕು ವರ್ಷ ಸಿವಿಲ್ ಇಂಜಿನಿಯರಿಂಗ್ ಓದಿದವಳು. ಪೈಪಿನೊಳಗಿನ ನೀರನ್ನು ಹೀಗೂ ನೋಡಬಹುದೆಂದು ನನಗೆ ಯಾರೂ ಕಲಿಸಿರಲಿಲ್ಲ.

ಕಚೇರಿಯಲ್ಲಿ ಅವರಿಗಿಂತ ಚಿಕ್ಕವರೂ "ಏಯ್ ಮಾರೆಪ್ಪಾ" ಎಂದೇ ಕರೆಯುತ್ತಿದ್ದರು. ಗುತ್ತಿಗೆ ನೌಕರ, ಅರವತ್ತರ ಹತ್ತಿರದ ಮನುಷ್ಯ, ಓದು ಮೂರನೇ ಕ್ಲಾಸು. ನಾನು ಇಲ್ಲಿ ಅವರು ಎಂದೇ ಬರೆಯುತ್ತೇನೆ.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ಊರು ಮಡಕಶಿರಾ ಕಡೆ. ನಕ್ಷೆಯಲ್ಲಿ ಆಂಧ್ರ, ಮನೆಯೊಳಗೆ ಕನ್ನಡ. ಅಪ್ಪ ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ, ಅವ್ವ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೂಲಿಗೆ ಹೋಗುತ್ತಿದ್ದಳು. ಅಪ್ಪನ ಕಡೆಯಲ್ಲಾಗಲಿ ಅವ್ವನ ಕಡೆಯಲ್ಲಾಗಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸುಮ್ಮನೆ ಬಂದದ್ದಲ್ಲ ಅದು. ವಿಜಯವಾಡದಲ್ಲಿ ನೀರು ಸರಬರಾಜಿನ ಸಹಾಯಕ ಇಂಜಿನಿಯರ್ ಆಗಿ ಸೇರಿದಾಗ, ಪಟಮಟದ ಬಾಡಿಗೆ ಕೋಣೆಯಿಂದ ಬಸ್ಸು ಹಿಡಿದು ಕಚೇರಿಗೆ ಬರುವಷ್ಟರಲ್ಲಿ ಬೆವರಿನಲ್ಲಿ ಸ್ನಾನವಾಗಿರುತ್ತಿತ್ತು. ಆದರೂ ಇಸ್ತ್ರಿ ಮಾಡದ ಬಟ್ಟೆ ಹಾಕಿದವಳಲ್ಲ.

ನನ್ನ ಪಾಲಿಗೆ ಬಂದದ್ದು ಒಂದು ಗುಡ್ಡ. ವಿಜಯವಾಡದಲ್ಲಿ ಬಂಡೆಯ ಮೇಲೆ ಬಂಡೆ ಇಟ್ಟ ಹಾಗೆ ಮನೆಯ ಮೇಲೆ ಮನೆ ಹತ್ತಿಕೊಂಡ ಗುಡ್ಡಗಳು ಎಷ್ಟೋ ಇವೆ. ಬುಡದಲ್ಲಿ ಪಂಪ್‌ಹೌಸ್, ಅಲ್ಲಿಂದ ಮೇಲಕ್ಕೆ ಒಂದೇ ಪೈಪು, ನಾಲ್ಕು ಹಂತಗಳಲ್ಲಿ ಆಯಾ ಸಾಲಿನ ಮನೆಗಳಿಗೆ ನೀರು ಬಿಡುವ ನಾಲ್ಕು ವಾಲ್ವು. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ನಿಂತರೆ ಒಂದು ಕಡೆ ಇಂದ್ರಕೀಲಾದ್ರಿ ಬೆಟ್ಟ, ಕೆಳಗೆ ಕೃಷ್ಣೆ. ಅಷ್ಟು ದೊಡ್ಡ ನದಿಯನ್ನು ದಿನವಿಡೀ ನೋಡುತ್ತಾ ಆ ಸಾಲಿನ ಹೆಂಗಸರು ಖಾಲಿ ಕೊಡಗಳ ಪಕ್ಕ ಕೂತಿರುತ್ತಿದ್ದರು.

ನಾನು ಸೇರಿದ ಎರಡನೇ ವಾರವೇ ಕೆಳಗಿನ ಬೀದಿಯವರ ದೂರು ಬಂತು. ನಾಲ್ಕಕ್ಕೆ ಪಂಪು ಶುರುವಾಗುತ್ತದೆ, ನಮ್ಮ ನಲ್ಲಿಯಲ್ಲಿ ನೀರು ಬರುವುದು ನಾಲ್ಕೂವರೆಯ ಮೇಲೆ, ವಾಲ್ವಿನವನು ಬೇಕೆಂದೇ ತಡ ಮಾಡುತ್ತಾನೆ. ಕಡತ ತೆಗೆದು ನೋಡಿದೆ. ಕಾಗದದ ಮೇಲಿನ ಕ್ರಮ ಸ್ಪಷ್ಟವಾಗಿತ್ತು: ಕೆಳಗಿನ ವಾಲ್ವ್ ಮೊದಲು, ಮೇಲಿನದು ಕೊನೆಗೆ. ನನಗೂ ಅದೇ ಸರಿ ಎನ್ನಿಸಿತು. ಹತ್ತುತ್ತಾ ತೆರೆಯಬೇಕು, ಇಳಿಯುತ್ತಾ ಮುಚ್ಚಬೇಕು, ಒಂದೇ ಓಡಾಟದಲ್ಲಿ ಕೆಲಸ ಮುಗಿಯುತ್ತದೆ. ಮಾರೆಪ್ಪನವರಿಗೆ ತೆಲುಗಿನಲ್ಲಿ ಮೆಮೊ ಬರೆದೆ. ನನ್ನ ಕೆಲಸದ ಮೊದಲ ಮೆಮೊ.

ಅವರು ಬಂದಾಗ ನಾನು ಅವ್ವನ ಜೊತೆ ಫೋನಿನಲ್ಲಿದ್ದೆ. ಮಾತು ಮುಗಿಯುವವರೆಗೂ ಬಾಗಿಲಲ್ಲೇ ನಿಂತಿದ್ದು, ಆಮೇಲೆ ಮೆಮೊವನ್ನು ಮೇಜಿನ ಮೇಲಿಟ್ಟು ಕೇಳಿದರು:

"ಕನ್ನಡದೋರೇನ್ರಿ ಮೇಡಂ? ಯಾವೂರಾತು?"

ಹೇಳಿದೆ.

"ನಂದು ಸಿರುಗುಪ್ಪ ಕಡಿ. ಪೈಪಿನ ಕಾಲುವಿ ತೋಡಾಕಂತ ಬಂದೋನು, ಇಲ್ಲೇ ಮದುವ್ಯಾದೆ, ಇಲ್ಲೇ ಉಳಕಂಡೆ." ಮೆಮೊವನ್ನು ತೋರಿಸಿ, "ಇದನ್ನ ಓದಿಸ್ಕಂಡೆ. ಚಂದ ಬರದೀರಿ. ನಾಳಿ ನಾಕಕ್ಕ ಬರ್ರಿ, ಉತ್ತರ ಅಲ್ಲೇ ಕೊಡ್ತೀನಿ. ಚಪ್ಲಿ ಗಟ್ಟಿದ್ದು ಹಾಕ್ಕಂಡ್ ಬರ್ರಿ" ಎಂದರು.

ಮರುದಿನ ಪಂಪು ಶುರುವಾಗುವ ಮೊದಲೇ ಅವರು ಕೀ ಹೆಗಲಿಗಿಟ್ಟು ಮೆಟ್ಟಿಲು ಹತ್ತತೊಡಗಿದ್ದರು. ಕೆಳಗಿನ ವಾಲ್ವನ್ನು ಮುಟ್ಟಲಿಲ್ಲ, ಎರಡನೆಯದನ್ನೂ ಮೂರನೆಯದನ್ನೂ ದಾಟಿ ಹೋದರು. ಹಿಂದೆ ಹತ್ತುತ್ತಿದ್ದ ನನಗೆ ಅರ್ಧದಲ್ಲೇ ಕಣ್ಣಿಗೆ ಕತ್ತಲೆ ಕವಿಯಿತು. ತುದಿ ಮುಟ್ಟಿ ಮೇಲಿನ ವಾಲ್ವನ್ನು ಮಾತ್ರ ತೆರೆದು, ಪಂಪ್‌ಹೌಸಿಗೆ ಪಂಪು ಶುರು ಮಾಡಲು ಫೋನು ಮಾಡಿದರು. ಕೊನೆಯ ನಲ್ಲಿ ವೆಂಕಾಯಮ್ಮನ ಮನೆಯ ಮುಂದಿನದು. ಹಾಸ್ಟೆಲೊಂದರಲ್ಲಿ ಪಾತ್ರೆ ತೊಳೆಯುವ ವಿಧವೆ, ಬಾಯಿ ಜೋರು. ನಲ್ಲಿ ಮೊದಲು ಬುಸುಗುಟ್ಟಿತು, ಕೆಮ್ಮಿತು, ಆಮೇಲೆ ನೀರು ಬಂತು. ಕೈಯೊಡ್ಡಿದವಳು ಹಿಂದಕ್ಕೆ ಎಳೆದುಕೊಂಡೆ. ಬಂಡೆಯ ಮೇಲೆ ಬಿಸಿಲಿಗೆ ಬಿದ್ದಿದ್ದ ಪೈಪಿನ ನೀರು ಕುದಿಯುವ ಹಾಗಿತ್ತು. ಹೆಂಗಸರೆಲ್ಲ ನಕ್ಕರು.

"ಮೊದಲ್ನೇ ಕೊಡ ಸೂರ್ಯಂದು. ಎರಡ್ನೇದರಿಂದ ನಮ್ದು" ಎಂದರು ಮಾರೆಪ್ಪನವರು.

ಅಲ್ಲಿ ಕೊಡಗಳು ತುಂಬಿದ ಮೇಲೆ ಕೆಳಗಿಳಿಯುತ್ತಾ ಒಂದೊಂದೇ ವಾಲ್ವ್ ತೆರೆದರು. ಕೆಳಗಿನದನ್ನು ಮೊದಲು ತೆರೆದರೆ ನೀರು ಮೇಲಕ್ಕೆ ಏರುವ ಒತ್ತಡವೇ ಉಳಿಯುವುದಿಲ್ಲ, ಕೆಳಗಿನ ಮನೆಗಳ ಸಂಪುಗಳೇ ಎಲ್ಲವನ್ನೂ ಕುಡಿದುಬಿಡುತ್ತವೆ. ನೀರು ನಿಂತ ಮೇಲೆ, ಮರುದಿನಕ್ಕೆ ವಾಲ್ವು ಮುಚ್ಚಿಡಲು ಅವರು ಮತ್ತೊಮ್ಮೆ ಗುಡ್ಡ ಹತ್ತಬೇಕು. ಕಾಗದದ ಕ್ರಮದಲ್ಲಿ ಒಂದು ಸಲ ಹತ್ತುವ ಕಡೆ ಅವರು ಎರಡು ಸಲ ಹತ್ತುತ್ತಿದ್ದರು, ಆ ವಯಸ್ಸಿನಲ್ಲಿ, ಆ ಬಿಸಿಲಿನಲ್ಲಿ, ಯಾರೂ ಹೇಳದೆ.

"ಇಳಿಯೋ ನೀರಿಗೆ ಯಾರೂ ಬ್ಯಾಡ ಮೇಡಂ. ಹತ್ತೋ ನೀರಿಗೆ ಮನಷ್ಯಾ ಬೇಕು."

ನಾನು ಅಲ್ಲೇ ಮೆಮೊ ಹಿಂದಕ್ಕೆ ಕೇಳಿದೆ. ಅವರು ಕೊಡಲಿಲ್ಲ. "ಇರ್ಲಿ ಬಿಡವ್ವಾ, ಕನ್ನಡದ ಹುಡುಗಿ ಬರದಿದ್ದು" ಎಂದು ಮಡಚಿ ಜೇಬಿನಲ್ಲಿಟ್ಟುಕೊಂಡರು. ಅಂದಿನಿಂದ ಮೇಡಂ ಹೋಗಿ ಅವ್ವ ಆದೆ.

ನಾಲ್ಕು ವಾಲ್ವಿನ ಕೆಲಸ ಮುಗಿಯುವ ತನಕ ಅವರು ಒಂದು ತೊಟ್ಟು ನೀರು ಕುಡಿಯುತ್ತಿರಲಿಲ್ಲ. ಬಡಿಸುವವನು ಮೊದಲು ಉಣ್ಣಬಾರದಂತೆ. ತಲೆಸುತ್ತಿ ಬೀಳುತ್ತೀರಿ ಎಂದು ನಾನು ಬೈದರೆ, "ಬಿದ್ರ ಕೆಳಗ ಬೀಳ್ತೀನಿ, ಹೆಂಗೂ ಇಳಿಬೇಕಲ್ಲ" ಎನ್ನುವರು. ಅವರ ಸ್ವಂತ ಮನೆ ಇದ್ದದ್ದು ಕೆಳಗಿನ ಬೀದಿಯಲ್ಲಿ. ಎಲ್ಲರಿಗೂ ಆದ ಮೇಲೆ ಅವರ ಮನೆಗೆ ನೀರು. ಹೆಂಡತಿ ಸರೋಜಮ್ಮ ತೆಲುಗಿನವರು, ನಾನು ಹೋದಾಗಲೆಲ್ಲ ನನ್ನ ಮುಂದೆಯೇ ದೂರುತ್ತಿದ್ದರು: "ನೋಡಮ್ಮಾ, ಊರಿನವರೆಲ್ಲ ಇವರ ಹೆಸರು ಹೇಳಿ ಸ್ನಾನ ಮಾಡುತ್ತಾರೆ. ನಾನು ಮಾತ್ರ ಇವರ ಮುಖ ನೋಡಿಕೊಂಡು ಕೂತಿರಬೇಕು." ಮಾರೆಪ್ಪನವರು ಕೇಳಿಸದವರಂತೆ ಬೀಸಣಿಗೆ ಬೀಸಿಕೊಳ್ಳುವರು.

ಅದೇ ಬೀದಿಯ ನಿವೃತ್ತ ಮೇಷ್ಟರೊಬ್ಬರು ಒಂದು ದಿನ ಅವರನ್ನು ತಡೆದು ನಿಲ್ಲಿಸಿದರು. "ಏಮಯ್ಯಾ ಮಾರೆಪ್ಪಾ, ನಾವೇನು ತೆರಿಗೆ ಕಟ್ಟುವುದಿಲ್ಲವೇ? ನಮಗೇಕೆ ಕೊನೆಗೆ?"

ಮಾರೆಪ್ಪನವರ ತೆಲುಗಿನಲ್ಲೂ ಬಳ್ಳಾರಿ ಕೇಳುತ್ತಿತ್ತು. ಕನ್ನಡದಲ್ಲಿ ಬರೆದರೆ ಅವರ ಉತ್ತರ ಇಷ್ಟು: "ಮಾಸ್ಟರ್‌ಗಾರೂ, ನಿಮ್ಮನ್ಯಾಗ ಸಂಪು ಐತಿ, ಅವ್ರಿಗೆ ಕೊಡ ಐತಿ. ನಿಮ್ಮ ಸಂಪಿಗೆ ಅರ್ಧ ತಾಸು ಕಾಯೋದು ಕಲಸ್ರಿ. ಅಷ್ಟು ಹುಡುಗ್ರಿಗೆ ಕಲಿಸಿದೋರು ನೀವು."

ಮೇಷ್ಟರು ನಕ್ಕುಬಿಟ್ಟರು. ಆಮೇಲೆ ಆ ಬೀದಿಯಿಂದ ದೂರು ಬಂದದ್ದು ಕಡಿಮೆ.

ಕಷ್ಟ ಬಂದದ್ದು ಬೇರೆ ಕಡೆಯಿಂದ. ಆ ಬೇಸಿಗೆ ಮೇ ನಡುವಿನಲ್ಲಿ ಗುಡ್ಡಕ್ಕೆ ದಿನ ಬಿಟ್ಟು ದಿನ ನೀರು ಎಂದಾಯಿತು. ಬುಡದಲ್ಲಿ ಒಂದು ಕಲ್ಯಾಣ ಮಂಟಪ, ಮುಹೂರ್ತಗಳ ಕಾಲ, ಅಲ್ಲಿಗೆ ನೀರು ಮೊದಲು ಬೇಕು. ಅದರ ಯಜಮಾನರಿಗೆ ದೊಡ್ಡವರ ಪರಿಚಯ. ನಮ್ಮ ಮೇಲಧಿಕಾರಿ, ಡಿ.ಇ. ಸಾರ್, ಮಾರೆಪ್ಪನವರನ್ನೂ ನನ್ನನ್ನೂ ಕರೆಸಿದರು. ಇನ್ನು ಮೇಲೆ ಕೆಳಗಿನ ವಾಲ್ವ್ ಮೊದಲು ತೆರೆಯಬೇಕು ಎಂದರು.

"ಆಗ್ಲಿ ಸಾರ್. ಮೇಲಿನವ್ರಿಗೆ ನೀರು ಬ್ಯಾಡ ಅಂತ ಬರ್ದು ಕೊಡ್ರಿ."

"ಬೇಡ ಎಂದು ಯಾರಯ್ಯಾ ಹೇಳಿದ್ದು? ಕೆಳಗೆ ಮೊದಲು ಎಂದೆ."

"ಎರಡೂ ಒಂದೇ ಸಾರ್. ಬರ್ದು ಕೊಡ್ರಿ, ವೆಂಕಾಯಮ್ಮಗ ತೋರಿಸ್ತೀನಿ. ಬಾಯಿಮಾತು ಹೇಳಿದ್ರ ನನ್ನ ಹೊಡಿತಾಳ ಆಕಿ."

"ನೀಕೆಂದುಕಯ್ಯಾ ಇದಂತಾ?" ನಿನಗ್ಯಾಕೆ ಇದೆಲ್ಲ ಎಂದು ಡಿ.ಇ. ಸಾರ್ ಗದರಿದರು. ಬರೆದು ಮಾತ್ರ ಕೊಡಲಿಲ್ಲ. ಮಾರೆಪ್ಪನವರು ಮುಂದಿನ ಸರದಿಯಲ್ಲೂ ಮೇಲಿನದನ್ನೇ ಮೊದಲು ತೆರೆದರು.

ಮೂರು ದಿನದ ಮೇಲೆ ಸಾರ್ ನನ್ನೊಬ್ಬಳನ್ನೇ ಕರೆದರು. ಮಾರೆಪ್ಪ ಹೇಳಿದ ಮಾತು ಕೇಳುವುದಿಲ್ಲ, ಸರಬರಾಜಿನ ವೇಳೆ ಕೆಡಿಸುತ್ತಾನೆ ಎಂದು ಒಂದು ವರದಿ ಬೇಕು. ಜೂನ್‌ನಲ್ಲಿ ಅವನ ಗುತ್ತಿಗೆ ಹೊಸದಾಗಿ ಬರೆಯಬೇಕು, ಮುಂದುವರಿಸುವುದು ಬೇಡ. "ನೀನಿನ್ನೂ ಪ್ರೊಬೇಷನ್‌ನಲ್ಲಿದ್ದೀಯ ಅಮ್ಮಾ, ನೆನಪಿರಲಿ" ಎಂದು ಮೆಲ್ಲಗೇ ಹೇಳಿದರು.

ನೆನಪಿತ್ತು. ನನ್ನ ಸಂಬಳದ ಮೇಲೆ ಊರಿನಲ್ಲಿ ಒಂದು ಮನೆ ನಿಂತಿತ್ತು. ಆದರೆ ನಾನು ಓದಿದ್ದು ಬೋರ್‌ವೆಲ್ ಮುಂದಿನ ಸಾಲಿನಲ್ಲಿ ಕೊಡದ ಮೇಲೆ ಪುಸ್ತಕ ಇಟ್ಟುಕೊಂಡು. ಸರತಿ ಬಂದಾಗ ನೀರು ನಿಂತುಹೋದರೆ ಏನಾಗುತ್ತದೆಂದು ಯಾವ ಪ್ರೊಫೆಸರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ವರದಿ ಕೇಳಿದ್ದಾರೆ, ಇಂಜಿನಿಯರ್ ಬರೆಯುವ ಹಾಗೆಯೇ ವರದಿ ಬರೆಯುತ್ತೇನೆ ಎಂದುಕೊಂಡೆ.

ಅದಕ್ಕೆ ಎರಡೂ ಕ್ರಮದಲ್ಲಿ ನೀರು ಬಿಟ್ಟು ಅಳೆಯಬೇಕಿತ್ತು. ಕೆಳಗಿನದನ್ನು ಮೊದಲು ತೆರೆಯುವ ಒಂದು ದಿನ ಬೇಕು ಎಂದಾಗ ಮಾರೆಪ್ಪನವರು ಮೊದಲ ಸಲ ನನ್ನ ಮೇಲೆ ಸಿಟ್ಟಾದರು.

"ಅವ್ರ ಕೊಡ ಖಾಲಿ ಇಟ್ಟು ನೀನು ಅಳತಿ ಮಾಡ್ತೀಯೇನು? ಖಾಲಿ ಅನ್ನಾದು ನಾನೇ ಹೇಳ್ತೀನಿ, ಬರಕ."

"ನೀವು ಹೇಳಿದರೆ ಅದು ಮಾತು. ನಾನು ಅಳೆದರೆ ಕಡತ" ಎಂದೆ.

ಅವರು ಒಪ್ಪಲಿಲ್ಲ, ವೆಂಕಾಯಮ್ಮನನ್ನು ಕೇಳು ಎಂದರು. ಕೇಳಿದೆ. ಆಕೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಹೇಳಿದಳು: "ಇಂಜಿನಿಯರಮ್ಮಾ, ನಿಮ್ಮ ಕಾಗದಕ್ಕೆ ಬೇಕಾದರೆ ಒಂದು ಸರದಿ ಕೊಡುತ್ತೇವೆ. ಎರಡನೆಯದು ಕೇಳಬೇಡಿ."

ಆ ದಿನ ಅವಳ ನಲ್ಲಿಯ ಮುಂದೆ ನಾನೇ ಕೂತೆ. ಒಂದು ಗಂಟೆ. ನಲ್ಲಿ ಬುಸುಗುಟ್ಟಿತು, ಅಷ್ಟೇ. ಇಡೀ ಸಾಲಿನಲ್ಲಿ ಒಂದು ಕೊಡವೂ ತುಂಬಲಿಲ್ಲ. ಯಾರೂ ಬೈಯಲಿಲ್ಲ, ಅದೇ ಕಷ್ಟವಾಯಿತು. ಮುಂದಿನ ಸರದಿಯಲ್ಲಿ ಮಾರೆಪ್ಪನವರ ಕ್ರಮ. ನಾಲ್ಕೂ ಸಾಲಿಗೆ ನೀರು, ಕಲ್ಯಾಣ ಮಂಟಪಕ್ಕೂ ಸೇರಿ. ಯಾವ ನಲ್ಲಿಗೆ ಎಷ್ಟು ನಿಮಿಷ ಎಂದು ಬರೆದೆ. ಕೊನೆಗೆ ಹೀಗೆ ಸೇರಿಸಿದೆ: ಆಪರೇಟರ್ ಸರಬರಾಜಿನ ವೇಳೆ ಕೆಡಿಸುತ್ತಿಲ್ಲ, ಸರಬರಾಜು ಮಾಡುತ್ತಿದ್ದಾರೆ, ಕಡತದಲ್ಲಿರುವ ಕ್ರಮವೇ ತಪ್ಪು. ಸಾರ್ ಕೈಗೆ ಕೊಡದೆ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ಮುದ್ರೆ ಹಾಕಿಸಿಕೊಂಡು, ನಕಲನ್ನು ಮನೆಗೆ ತಂದೆ.

ನನಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಮಾರೆಪ್ಪನವರಿಗೆ ಜೂನ್‌ನಿಂದ ಬರಬೇಡ ಎಂದರು. ವರದಿ ಬರೆದೂ ಅವರ ಕೆಲಸ ಉಳಿಸಲಾಗಲಿಲ್ಲ. ಅದು ನನ್ನ ಸೋಲು, ಮುಚ್ಚಿಡುವುದಿಲ್ಲ.

ಹೊರಡುವ ಹಿಂದಿನ ಸಂಜೆ ಹೇಳಿ ಹೋಗೋಣವೆಂದು ಗುಡ್ಡಕ್ಕೆ ಹೋದೆ. ಅವರ ಕೆಲಸದ ಕೊನೆಯ ದಿನವೂ ಅದೇ. ಮೇಲಿನ ವಾಲ್ವಿನ ಗುಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಪಕ್ಕದಲ್ಲಿ ಪಂಪ್‌ಹೌಸಿನ ಬಾಗಿಲಿಗೆ ಬಳಿದು ಉಳಿದ ನೀಲಿ ಬಣ್ಣದ ಡಬ್ಬಿ. ಸಿಮೆಂಟಿನ ಮುಚ್ಚಳದ ಮೇಲೆ ದೊಡ್ಡದಾಗಿ ಒಂದು ಎಂಬ ಅಂಕಿ ಬರೆಯುತ್ತಿದ್ದರು. ವೆಂಕಾಯಮ್ಮ ಕೊಡೆ ಹಿಡಿದು ನಿಂತಿದ್ದಳು, ಅವರಿಗಲ್ಲ, ಬಣ್ಣ ಬೇಗ ಒಣಗದಿರಲೆಂದು ಡಬ್ಬಿಗೆ.

"ಏನಿದು?" ಎಂದೆ.

"ನಂಬರ್ ಹಾಕಾಕತ್ತೀನಿ. ಇದು ಒಂದು. ಕೆಳಗಿಂದು ನಾಕು. ನೀನೂ ನಿನ್ನ ವರದಿಯಾಗ ಹಂಗ ಬರದೀಯಲ್ಲ, ಒಂದು, ಎರಡು ಅಂತ?"

ಬರೆದಿದ್ದೆ, ಅವರ ಕ್ರಮದಲ್ಲೇ.

"ಮತ್ತ ಸೈ. ಕಾಗದದಾಗೂ ಆತು, ಕಲ್ಲಿನ ಮ್ಯಾಲೂ ಆತು. ಮಾರೆಪ್ಪ ಹೇಳಿದ್ರ ಯಾಕ ಅಂತಾರ. ನಂಬರ್ ಹಾಕಿದ್ರ ಯಾರೂ ಕೇಳಂಗಿಲ್ಲ. ಮೂವತ್ತು ವರ್ಷ ನೋಡೀನಿ ಈ ಆಫೀಸಿನೋರ್ನ."

ಇವರ ಜಾಗಕ್ಕೆ ಬರುವ ಹೊಸಬ ಏನು ಮಾಡುತ್ತಾನೋ ಎಂದು ನಾನು ಅನುಮಾನಪಟ್ಟೆ. ಅವರು ಬ್ರಷ್ಷಿನಿಂದ ವೆಂಕಾಯಮ್ಮನ ಕಡೆ ತೋರಿಸಿದರು. "ನಂಬರ್ ಕಾಣಲಿಲ್ಲಂದ್ರ ಈಕಿ ಕಾಣಿಸ್ತಾಳ." ಆಮೇಲೆ ಕತ್ತು ಓರೆ ಮಾಡಿ, "ನೆಟ್ಟಗೈತೇನವ್ವಾ?" ಎಂದರು.

ನೆಟ್ಟಗಿದೆ ಎಂದೆ. ಕಾಲಿಗೆ ಬೀಳಲು ಬಗ್ಗಿದರೆ ಬಣ್ಣದ ಕೈ ಎತ್ತಿ ತಡೆದರು. ಬಟ್ಟೆಗೆ ಹತ್ತುತ್ತದೆ, ನಾಳೆ ಹೊಸ ಊರಿನ ಕಚೇರಿಗೆ ಹೋಗುವವಳು ಎಂದರು. ಅವರನ್ನು ನೋಡಿದ್ದು ಅದೇ ಕಡೆ.

ಇಲ್ಲಿ ವಿಶಾಖಪಟ್ಟಣದಲ್ಲೂ ಗುಡ್ಡಗಳಿವೆ. ಋಷಿಕೊಂಡದ ಕಡೆ ಗುಡ್ಡದ ಮೇಲೆ ಗಾಜಿನ ಕಚೇರಿಗಳು. ನನ್ನ ಪಾಲಿನ ಗುಡ್ಡಗಳ ಮೇಲೆ ತಗಡಿನ ಮನೆಗಳು. ಎದುರಿಗೆ ಇಡೀ ಸಮುದ್ರ, ಕೊಡದಲ್ಲಿ ಏನೂ ಇಲ್ಲ. ಯಾವ ಬಡಾವಣೆಗೆ ಹೋದರೂ ಮೊದಲು ಕೊನೆಯ ನಲ್ಲಿ ಎಲ್ಲಿ ಎಂದು ಕೇಳುತ್ತೇನೆ. ಜೊತೆಗೆ ಬರುವವರಿಗೆ ಇದು ಅಷ್ಟು ಇಷ್ಟವಿಲ್ಲ. ಇಷ್ಟವಾಗದಿದ್ದರೆ ಬೇಡ.

ಈ ಮೇ ಮೊದಲ ವಾರ, ತಡೆಯಲಾರದ ಸೆಕೆಯ ಒಂದು ಸಂಜೆ, ಮಾರೆಪ್ಪನವರ ನಂಬರಿಗೆ ಫೋನು ಮಾಡಿದೆ. ಸಿಮ್ಮು ಕಚೇರಿಯದ್ದು, ಹೊಸ ಆಪರೇಟರ್ ಎತ್ತಿದ. ಮಾರೆಪ್ಪ ತೆನಾಲಿಯಲ್ಲಿ ಮಗಳ ಮನೆಯಲ್ಲಿದ್ದಾನೆ, ಫೋನು ಇಟ್ಟುಕೊಂಡಿಲ್ಲ ಎಂದ. ಏದುಸಿರು ಬಿಡುತ್ತಿದ್ದ. ಹುಷಾರಿಲ್ಲವೇ ಎಂದೆ.

"ಹುಷಾರಾಗಿದ್ದೇನೆ ಮೇಡಂ, ಮೆಟ್ಟಿಲು ಹತ್ತುತ್ತಿದ್ದೇನೆ" ಎಂದ ತೆಲುಗಿನಲ್ಲಿ. "ಒಂದನೇ ನಂಬರು ತುದಿಯಲ್ಲಿದೆಯಲ್ಲ. ಅದನ್ನು ತೆರೆಯದೆ ಎರಡನೆಯದನ್ನು ಹೇಗೆ ತೆರೆಯುವುದು?"