ನಾನು ಬಾರದ ದಿನಗಳಲ್ಲಿ ಎದ್ದು ನಿಂತವಳು

ದೊಮ್ಮಲೂರಿನ ನಮ್ಮ ಬೀದಿಯ ತುದಿಯಲ್ಲಿ ಈಚೆಗೆ ಒಂದು ಇಸ್ತ್ರಿ ಗಾಡಿ ನಿಲ್ಲುತ್ತದೆ. ಗಾಡಿಯವರದು ಇನ್ನೂ ಇದ್ದಿಲು ತುಂಬುವ ಇಸ್ತ್ರಿ ಪೆಟ್ಟಿಗೆ. ಮೊನ್ನೆ ಹಾಲು ತರಲು ಹೋದಾಗ, ನೀರು ಚಿಮುಕಿಸಿದ ಬಟ್ಟೆಯ ಮೇಲೆ ಅದು ಓಡಿ, ಬೆಚ್ಚನೆಯ ಹಬೆಯ ವಾಸನೆ ಎದ್ದಿತು. ಹಾಲಿನ ಪ್ಯಾಕೆಟ್ ಹಿಡಿದು ಅಲ್ಲೇ ನಿಂತುಬಿಟ್ಟೆ. ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳ ಯೂನಿಫಾರ್ಮಿನಿಂದ ಬರುತ್ತಿದ್ದ ವಾಸನೆ ಅದು.

ಅವಳ ತಂದೆಗೆ ಶಿವಾಜಿನಗರದಲ್ಲಿ ಟೈಲರ್ ಅಂಗಡಿ ಇತ್ತು. ಬೆಳಿಗ್ಗೆ ಅಲ್ಲಿಯೇ ತನ್ನ ಬಟ್ಟೆಗೆ ಇಸ್ತ್ರಿ ಹಾಕಿಕೊಂಡು, ಬಸ್ಸಿನಲ್ಲಿ ಹಲಸೂರಿನ ನಮ್ಮ ಶಾಲೆಗೆ ಬರುತ್ತಿದ್ದಳು. ಮನೆಯಲ್ಲಿ ದಖ್ಖನಿ ಉರ್ದು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಮೂರರಲ್ಲೂ ಬಾಯಿ ಜೋರು.

ನಮ್ಮದು ಚಿಕ್ಕ ಕನ್ನಡ ಶಾಲೆ. ಪ್ರಾರ್ಥನೆಯ ಅಂಗಳದ ಗೋಡೆಯ ಮೇಲೆ ‘ನಿಜ ಹೇಳು, ಜೊತೆಗಿರು’ ಎಂದು ನೀಲಿ ಬಣ್ಣದಲ್ಲಿ ಬರೆದಿತ್ತು. ಎಲ್ಲ ಶಾಲೆಗಳ ಗೋಡೆಯ ಮೇಲೂ ಏನಾದರೊಂದು ಬರೆದಿರುತ್ತದೆ. ನಮ್ಮ ಹೆಡ್‌ಮಿಸ್ ಅದನ್ನು ಗೋಡೆಯ ಮೇಲೆಯೇ ಬಿಡಲಿಲ್ಲ. ಹಾಜರಿ ಕೂಗುವಾಗ ಬಾರದವರ ಹೆಸರು ಬಂದರೆ, ಪಕ್ಕದಲ್ಲಿ ಕೂರುವವರು ಎದ್ದು ನಿಂತು ಕಾರಣ ಹೇಳಬೇಕಿತ್ತು. ಗೊತ್ತಿಲ್ಲದಿದ್ದರೆ ಸಂಜೆ ಅವರ ಮನೆಗೆ ಹೋಗಿ ತಿಳಿದುಕೊಂಡು ಬರಬೇಕು. ಸುಳ್ಳು ಸೇರಿಸುವಂತಿಲ್ಲ, ಚಾಡಿಯೂ ಕೂಡದು. ಈ ಪದ್ಧತಿ ಮೇಷ್ಟ್ರುಗಳಿಗೂ ಇತ್ತು. ಒಮ್ಮೆ ಹೆಡ್‌ಮಿಸ್ಸೇ ಬರಲಿಲ್ಲ. ನಮ್ಮ ಪ್ಯೂನ್ ಪ್ರಾರ್ಥನೆಯಲ್ಲಿ ಮುಂದೆ ಬಂದು, “ಅಮ್ಮಾವ್ರಿಗೆ ಹಲ್ಲುನೋವು, ಕೆನ್ನೆ ಹಿಂಗೆ ಊದೈತೆ” ಎಂದು ಕೈಯಲ್ಲಿ ತೋರಿಸಿದ್ದರು. ಇಡೀ ಶಾಲೆ ನಕ್ಕಿತ್ತು...

ನಾನು ಹತ್ತನೇ ತರಗತಿಯಲ್ಲಿದ್ದಾಗ ಮಳೆಗಾಲದಲ್ಲಿ ಅಮ್ಮ ತೀರಿಕೊಂಡಳು. ನನಗೆ ಇಬ್ಬರು ತಮ್ಮಂದಿರು. ಅಪ್ಪ ಕಾರ್ಖಾನೆಯ ಮೊದಲ ಪಾಳಿಗೆ ಕತ್ತಲಿರುವಾಗಲೇ ಹೊರಡಬೇಕು. ಕಾರ್ಯವೆಲ್ಲ ಮುಗಿದ ಮೇಲೂ ನಾನು ಶಾಲೆಗೆ ಹೋಗಲಿಲ್ಲ. ಬಿಡು ಎಂದು ಅಪ್ಪ ಬಾಯಿಬಿಟ್ಟು ಹೇಳಿರಲಿಲ್ಲ. ಬೆಳಗಾದರೆ ಅನ್ನ, ಸಾರು, ತಮ್ಮಂದಿರ ಸ್ನಾನ. ಯೂನಿಫಾರ್ಮ್ ತಾನಾಗಿ ಪೆಟ್ಟಿಗೆಯ ತಳ ಸೇರಿತು. ಅಪ್ಪ ಕೆಟ್ಟವರಲ್ಲ, ಅವರಿಗೆ ಬೇರೇನೂ ತೋಚಿರಲಿಲ್ಲ. ನನಗೂ ಅಷ್ಟೆ.

ನನ್ನ ಆ ಗೆಳತಿ ಮಾತ್ರ ಸಂಜೆ ಶಾಲೆ ಮುಗಿದ ಮೇಲೆ ದಿನವೂ ಬರುತ್ತಿದ್ದಳು. ಅಡುಗೆಮನೆಯ ಹೊಸ್ತಿಲ ಮೇಲೆ ಬ್ಯಾಗು ಇಟ್ಟುಕೊಂಡು ಕೂತು, ನನ್ನ ಮುಖ ನೋಡಿ ಶುರುಮಾಡುವಳು.

“ಏನೇ ರಾಣಿ, ಸಾರಿಗೆ ಉಪ್ಪು ಹಾಕಿದ್ಯಾ, ಇಲ್ಲಾ ಅತ್ತಿದ್ದೇ ಸಾಕಾಯ್ತಾ?”

ನಾನು ಸೌಟು ಎತ್ತಿದರೆ ನಗುವಳು. ಆಮೇಲೆ ಅಂದಿನ ಪಾಠ ಹೇಳುವಳು. ಬೀಜಗಣಿತ ಅವಳಿಗೇ ಅರ್ಥವಾಗಿರುತ್ತಿರಲಿಲ್ಲ. ಇಬ್ಬರೂ ತಪ್ಪು ಮಾಡುತ್ತಿದ್ದೆವು.

ಒಂದು ಸಂಜೆ ಅಪ್ಪ ಬಂದಾಗಲೂ ಅವಳು ಅಲ್ಲೇ ಇದ್ದಳು. ತಮ್ಮಂದಿರು ಆಟಕ್ಕೆ ಹೋಗಿದ್ದರು. ಅಪ್ಪ ಊಟದ ಡಬ್ಬಿ ಇಳಿಸಿ ಕೇಳಿದರು:

“ದಿನಾ ಇಷ್ಟು ದೂರ ಯಾಕಮ್ಮಾ ಬರ್ತೀಯ?”

ಅವಳು ಎದ್ದು ನಿಂತಳು. ತರಗತಿಯಲ್ಲಿ ನಿಲ್ಲುವ ಹಾಗೆಯೇ.

“ನಮ್ಮ ಸ್ಕೂಲಲ್ಲಿ ಕಾರಣ ಹೇಳ್ಬೇಕು ಅಂಕಲ್. ಇಷ್ಟು ದಿನ ‘ಅವ್ಳ ಅಮ್ಮ ತೀರ್ಕೊಂಡಿದಾರೆ’ ಅಂದೆ. ಈಗ ತಿಂಗ್ಳ ಮೇಲಾಯ್ತು. ನಾಳೆ ಏನಂತ ಹೇಳ್ಲಿ?”

“ಮನೇಲಿ ಕೆಲ್ಸ ಇದೆ ಅಂತ ಹೇಳು.”

“ಇನ್ನೂ ಎಷ್ಟು ದಿನ ಇದೆ ಅಂತ ಟೀಚರ್ ಕೇಳ್ತಾರೆ ಅಂಕಲ್.”

ಅವಳೇ ಮುಂದುವರಿಸಿದಳು. “ಇನ್ಮೇಲೆ ಬರಲ್ಲ, ಅಡುಗೆಗೆ ಅಂತ ಮನೇಲೇ ಇಟ್ಕೊಂಡಿದಾರೆ... ಹಂಗಂತ ಹೇಳ್ಲಾ? ನೀವು ಹೇಳ್ಕೊಟ್ಟಂಗೇ ಹೇಳ್ತೀನಿ. ಒಂದಕ್ಷರ ಸೇರ್ಸಲ್ಲ.”

ಅದರಲ್ಲಿ ಕುಹಕವಿರಲಿಲ್ಲ. ಅವಳು ನಿಜವಾಗಿಯೇ ಕೇಳುತ್ತಿದ್ದಳು. ಅಪ್ಪ ನನ್ನ ಕಡೆ ನೋಡಿದರು. ನಾನು ಒಲೆಯ ಕಡೆ ತಿರುಗಿದೆ. ಮನಸ್ಸಿನಲ್ಲಿದ್ದುದನ್ನು ಒಂದು ವಾಕ್ಯ ಮಾಡಿ, ಇಡೀ ತರಗತಿಯ ಮುಂದೆ ಹೇಳಲು ಆ ಹುಡುಗಿಯ ಕೈಗೆ ಕೊಡುವುದು ಅವರಿಂದ ಆಗಲಿಲ್ಲ. ಗೋಡೆಗೆ ಒರಗಿ ಕೂತರು.

“ಸೋಮವಾರದಿಂದ ಬರ್ತಾಳೆ ಅಂತ ಹೇಳು.”

“ಗ್ಯಾರಂಟಿನಾ ಅಂಕಲ್? ಆಮೇಲೆ ಬರ್ದೆ ಹೋದ್ರೆ ನಾನು ಸುಳ್ಳಿ ಆಗ್ಬಿಡ್ತೀನಿ.”

ಅಮ್ಮ ಹೋದ ಮೇಲೆ ಅಪ್ಪನ ಮುಖದಲ್ಲಿ ನಗುವಿನಂಥದ್ದು ಕಂಡದ್ದು ಆಗಲೇ. “ಹೇಳು ತಾಯಿ, ಹೇಳು” ಎಂದರು.

ಬೀದಿಯ ತಿರುವಿನವರೆಗೆ ಅವಳನ್ನು ಕಳಿಸಲು ಹೋದೆ. ಬರುವಾಗ ದಾರಿಯುದ್ದಕ್ಕೂ ಆ ಮಾತುಗಳನ್ನು ಗಟ್ಟಿಮಾಡಿಕೊಂಡು ಬಂದಿದ್ದಳಂತೆ. ಸೋಮವಾರ ನಾನು ಶಾಲೆಗೆ ಹೋದೆ. ಅಪ್ಪ ಪಾಳಿ ಬದಲಾಯಿಸಿಕೊಂಡು ಬೆಳಗಿನ ಅನ್ನ ಮಾಡಲು ಕಲಿತರು. ಮೊದಮೊದಲು ತಮ್ಮಂದಿರು ಅದನ್ನು ಅಗಿಯಲಾಗದೆ ಗೋಳಾಡುತ್ತಿದ್ದರು...

ಇಬ್ಬರೂ ಪಾಸಾದೆವು. ನಾನು ಮುಂದೆ ಓದಿ ಗುಮಾಸ್ತೆಯ ಕೆಲಸ ಹಿಡಿದೆ. ಅವಳು ಮದುವೆಯಾಗಿ ಕೆ.ಆರ್. ಪುರಂ ಕಡೆ ಹೋದಳು. ಹಬ್ಬಕ್ಕೊಮ್ಮೆ ಫೋನು, ಆಮೇಲೆ ಅದೂ ವಿರಳ. ಅವಳು ತೀರಿಹೋದ ಸುದ್ದಿ ನನಗೆ ತಲುಪುವ ವೇಳೆಗೆ ಎಲ್ಲ ಮುಗಿದಿತ್ತು.

ಇಸ್ತ್ರಿ ಗಾಡಿಯ ಮುಂದೆ ನಿಂತ ಮಾರನೆಯ ದಿನ ಅವಳ ಮನೆಗೆ ಹೋದೆ. ಸೊಸೆ ಒಳ್ಳೆಯ ಹುಡುಗಿ, ಚಹಾ ಕೊಟ್ಟಳು.

“ಸ್ಕೂಲ್ ಬಗ್ಗೆ ಏನಾದ್ರೂ ಹೇಳ್ತಿದ್ಲೇನಮ್ಮಾ?” ಎಂದು ಕೇಳಿದೆ.

“ಚೆನ್ನಾಗಿತ್ತು ಅಂತಿದ್ರು ಆಂಟಿ. ಅಷ್ಟೇ. ನೀವಿಬ್ರೂ ಎಷ್ಟರ ತನಕ ಜೊತೆಗಿದ್ರಿ?”

“ಹತ್ತರ ತನಕ” ಎಂದೆ. ಹತ್ತನೆಯದು ಹೇಗೆ ಮುಗಿಯಿತೆಂದು ಹೇಳಬೇಕೆಂದಿದ್ದೆ. ಆದರೆ ಸೊಸೆ ಮಗುವನ್ನು ಕರೆತರಲು ಹೋಗಬೇಕಿತ್ತು, ಕಣ್ಣು ಬಾಗಿಲಲ್ಲಿತ್ತು. ನಾನು ಎದ್ದೆ.

ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಗೆ ನಿಂತೆ. ಸುತ್ತ ಕಾಲಿಡಲಾಗದಷ್ಟು ಜನ. ಅಪ್ಪ ಹೋಗಿ ವರ್ಷಗಳಾದವು. ಆಗ ಚಿಕ್ಕವರಾಗಿದ್ದ ತಮ್ಮಂದಿರಿಗೆ ಆ ಸಂಜೆಯ ವಿಷಯ ತಿಳಿದಿಲ್ಲ, ಅಕ್ಕ ಯಾವಾಗಲೂ ಶಾಲೆಗೆ ಹೋಗುತ್ತಲೇ ಇದ್ದಳು ಎಂದುಕೊಂಡಿದ್ದಾರೆ. ಗೆಳತಿಯೂ ಯಾರಿಗೂ ಹೇಳಿರಲಿಲ್ಲ. ನನ್ನ ಓದು ಒಂದು ಅಡುಗೆಮನೆಯಲ್ಲಿ ನಿಂತೇಹೋಗಿತ್ತು ಎಂಬುದು ಈಗ ಈ ಊರಿನಲ್ಲಿ ನನಗೊಬ್ಬಳಿಗೇ ಗೊತ್ತು.