ಹುಣಸೆಬೀಜದ ಲೀಗು

ಎಳ್ಳೆಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗಾಗುವಾಗ ಏಳುವ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ನಾನು ಬಾಣಲೆ ಇಟ್ಟೆನೆಂದರೆ ಸೊಸೆ ಸದ್ದಿಲ್ಲದೆ ಬಂದು ಕಿಟಕಿ ತೆರೆಯುತ್ತಾಳೆ. ಮೊನ್ನೆ ಕಾಸಿದ್ದು ಮೊಮ್ಮಗಳು ಶರ್ವರಿಯ ಕಾಲಿಗೆ. ಹದಿಮೂರರ ಹುಡುಗಿ, ಜಿಲ್ಲೆಯ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಆಯ್ಕೆಯಾಗಿದ್ದಾಳೆ. ಈ ಸುದ್ದಿಯನ್ನು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೇನೆ, ಹಾಲಿನವನಿಗೆ ಎರಡು ಸಲ ಹೇಳಿದ್ದೇನೆ. ಇಷ್ಟು ಸಂತೋಷವನ್ನು ಎಪ್ಪತ್ತು ದಾಟಿದ ದೇಹದಲ್ಲಿ ಎಲ್ಲಿಡಬೇಕೋ ತಿಳಿಯುತ್ತಿಲ್ಲ. ಅವಳ ಉಳುಕಿದ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಿದ್ದೆ. ಅವಳು ಶಾಲೆಯ ಮಾಸಿಕಕ್ಕಾಗಿ ತನ್ನ ಬಗ್ಗೆ ಬರೆದ ಒಂದು ಪುಟವನ್ನು ಓದಿ ತೋರಿಸಿದಳು. ಆಟ ನಮ್ಮ ರಕ್ತದಲ್ಲೇ ಇದೆ, ನಮ್ಮ ಅಜ್ಜಿಯ ಕಾಕಾ ಬ್ರಿಟಿಷರ ಕಾಲದ ದಖ್ಖನ್ ಲೀಗಿನಲ್ಲಿ ದೌಂಡ ತಂಡದ ಪಗಾರಿ ಆಟಗಾರರಾಗಿದ್ದರು ಎಂದು ಮೊದಲ ಸಾಲಿನಲ್ಲೇ ಇತ್ತು. ನನ್ನ ಕೈ ಅವಳ ಕಾಲ ಮೇಲೆಯೇ ನಿಂತುಬಿಟ್ಟಿತು. ಅಂಥ ಲೀಗು ಎಲ್ಲಿಯೂ ಇರಲಿಲ್ಲ. ಅದನ್ನು ಕಟ್ಟಿದವಳು ನಾನು.

ವೆಂಕೂಕಾಕಾ ನನ್ನ ಅಪ್ಪನ ತಮ್ಮ. ದಿನಾ ಸಂಜೆ ತಮ್ಮ ಬಲಗಾಲಿಗೆ ಇದೇ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು, ಹಾಗಾಗಿ ನಮ್ಮ ಮನೆಗೆಲ್ಲ ಆ ವಾಸನೆ ಹತ್ತಿತ್ತು. ಮನೆಯೆಂದರೆ ಪುಣೆಯ ಹಳೆಯ ಪೇಠೆಯೊಂದರಲ್ಲಿ, ಹತ್ತಾರು ಸಂಸಾರಗಳಿದ್ದ ವಾಡೆಯಲ್ಲಿ ಎರಡೂವರೆ ಕೋಣೆ. ಮುಂದಿನ ಕೋಣೆಯಲ್ಲಿ ಅಪ್ಪ ಖಾನಾವಳಿ ನಡೆಸುತ್ತಿದ್ದರು, ನಮ್ಮ ಕಡೆಯಿಂದ ನೌಕರಿಗೆ ಬಂದ ಒಂಟಿ ಗಂಡಸರು ಜೋಳದ ರೊಟ್ಟಿಗಾಗಿ ಬರುತ್ತಿದ್ದರು. ಅವ್ವ ರೊಟ್ಟಿ ಬಡಿಯುವ ಸದ್ದು, ಶಹಾಬಾದಿ ಕಲ್ಲಿನ ತಂಪು, ಗೋಡೆಗೆ ಒರಗಿಸಿಟ್ಟ ತೊಳೆದ ತಾಟುಗಳಿಂದ ಇಳಿಯುವ ನೀರು. ಕಣ್ಣು ಮುಚ್ಚಿದರೆ ಈಗಲೂ ಆ ಕೋಣೆಯೊಳಗೆ ತಡವರಿಸದೆ ನಡೆಯಬಲ್ಲೆ. ರೊಟ್ಟಿ ಬಿಟ್ಟರೆ ಉಳಿದ ಅಡುಗೆಯ ಭಾರವೆಲ್ಲ ಕಾಕಾನದು. ಗದಗಿನ ಕಡೆಯಿಂದ ಬಂದವರು, ಮದುವೆಯಾಗಲಿಲ್ಲ, ಬಲಗಾಲು ಎಳೆದು ನಡೆಯುತ್ತಿದ್ದರು. ಯಾರಾದರೂ ಕೇಳಿದರೆ ಮುಚ್ಚುಮರೆಯಿಲ್ಲ. “ಹಿಂಡಾಕ ಕುಂತಿದ್ದೆ ರೀ, ಎಮ್ಮಿ ತುಳೀತು. ಅದರದೇನ ತಪ್ಪು, ನನ್ನ ಕೈ ಥಂಡ ಇತ್ತು” ಎನ್ನುತ್ತಿದ್ದರು. ಬೆಳಗಿನ ಸಾರನ್ನು ರಾತ್ರಿ ಬಡಿಸುವಾಗ, ಇದು ಬೆಳಗಿನದು ಎಂದು ಹೇಳಿಯೇ ಬಡಿಸುವ ಮನುಷ್ಯ. ಅಪ್ಪ ಅದಕ್ಕಾಗಿ ಬೈಯುತ್ತಿದ್ದರು.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟೆ, ಅವ್ವನ ಕೈಕೆಳಗೆ ಕೆಲಸಕ್ಕೆ ಆಳು ಬೇಕಿತ್ತು. ನನಗಿಂತ ಎರಡು ವರ್ಷ ಚಿಕ್ಕವನಾದ ತಮ್ಮ ರಘು ಶಾಲೆಯಿಂದ ಬರುವುದನ್ನೇ ಕಾಯುತ್ತಿದ್ದೆ. ಒಂದು ದಿನ ಊಟಕ್ಕೆ ಕುಳಿತ ರೈಲ್ವೆಯ ಗುಮಾಸ್ತರೊಬ್ಬರು, ವಿಲಾಯತಿಯಲ್ಲಿ ಚೆಂಡು ಒದೆಯುವುದೇ ಕೆಲವರ ನೌಕರಿ, ಅದಕ್ಕೇ ಪಗಾರ ಕೊಡುತ್ತಾರೆ ಎಂದರು. ಹಂಚಿನ ಮುಂದೆ ಕುಳಿತಿದ್ದ ಅವ್ವ ನಂಬಲೇ ಇಲ್ಲ. ನಾನು ನಂಬಿದೆ. ಮರುದಿನವೇ ನಮ್ಮ ಲೀಗು ಹುಟ್ಟಿತು. ಅಡುಗೆಮನೆಯ ಕಲ್ಲಿನ ಮೇಲೆ ರಂಗೋಲಿಪುಡಿಯಿಂದ ಮೈದಾನ ಬರೆದೆ, ಒಂದು ಒಣ ಬಟಾಣಿ ಚೆಂಡಾಯಿತು, ಪುಣೆಯ ಸುತ್ತಲಿನ ಊರುಗಳು ತಂಡಗಳಾದವು. ಹುಣಸೆಬೀಜ ರೈಲ್ವೆ ಜಂಕ್ಷನ್ನಿನ ದೌಂಡ ತಂಡ, ಇಂಜಿನ್ನಿನ ಕಲ್ಲಿದ್ದಲು ತಿಂದು ಬೆಳೆದವರು. ಕುಂಬಳಬೀಜ ಬಾರಾಮತಿ, ಬೆಲ್ಲ ತಿಂದು ತಿಂದು ಓಡಲಾರದವರು. ಸೀತಾಫಲದ ಬೀಜ ತಳೇಗಾಂವ, ಬಹಳ ನುಣುಪು, ಯಾರ ಕೈಗೂ ಸಿಗುತ್ತಿರಲಿಲ್ಲ. ಪುಣೆಗೆ ಅವರೆಕಾಳು. ಆದರೆ ಪುಣೆಯವರು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮಲಗುವ ನಿಯಮವಿದ್ದುದರಿಂದ ಮಧ್ಯಾಹ್ನದ ಆಟಗಳನ್ನೆಲ್ಲ ಸೋಲುತ್ತಿದ್ದರು. ಒಂದೊಂದು ಬೀಜಕ್ಕೂ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಇದೆಲ್ಲ ಬ್ರಿಟಿಷರ ಕಾಲದಲ್ಲಿ ನಡೆದದ್ದು ಎಂದು ನಾನೇ ನಿರ್ಧರಿಸಿದ್ದೆ, ಯಾಕೆಂದರೆ ಹಳೆಯದಾದರೆ ಯಾರೂ ಹೋಗಿ ನೋಡಿಬರಲು ಆಗುವುದಿಲ್ಲ.

ಕಾಕಾ ಪಲ್ಯ ಹೆಚ್ಚುತ್ತ ಪಂದ್ಯ ನೋಡುತ್ತಿದ್ದರು. ಅವರು ಯಾವಾಗಲೂ ದೌಂಡದ ಕಡೆ. ಮೊದಲ ಸಲ ಊರು ಬಿಟ್ಟು ಬಂದಾಗ ದೌಂಡದಲ್ಲಿ ರೈಲು ತಪ್ಪಿತ್ತಂತೆ. ಯಾರೋ ಒಬ್ಬ ಹಮಾಲ ಚಹಾ ಕುಡಿಸಿ, ಮುಂದಿನ ಗಾಡಿಗೆ ಹತ್ತಿಸಿದ್ದನಂತೆ. “ಆ ಊರು ಸೋಲಬಾರದು ನೋಡ ತಂಗಿ” ಎನ್ನುತ್ತಿದ್ದರು. ದೌಂಡ ಸೋತ ದಿನ, ಎದುರು ತಂಡ ಆಡಿಸಿದ ರಘುವಿಗೆ ರೊಟ್ಟಿಯ ಮೇಲೆ ಬೆಣ್ಣೆ ಕಡಿಮೆ ಬೀಳುತ್ತಿತ್ತು.

ನಾಚಿಕೆಯ ಮಾತಿಗೆ ಬರಬೇಕು. ವಾಡೆಯ ನಡುವೆ ಎಲ್ಲರಿಗೂ ಸೇರಿ ಒಂದೇ ನಳ. ಅಲ್ಲಿ ಸುಮನ್ ಎಂಬ ಹುಡುಗಿ ಕಾಕಾ ನಡೆಯುವ ಹಾಗೆ ಕಾಲೆಳೆದು ನಡೆದು ತೋರಿಸುತ್ತಿದ್ದಳು, ಉಳಿದವರು ನಗುತ್ತಿದ್ದರು. ಒಂದು ದಿನ ಮರಾಠಿಯಲ್ಲಿ ನನ್ನನ್ನು ಕೇಳಿದಳು, ನಿಮ್ಮ ಕಾಕಾನ ಕಾಲಿಗೆ ಏನಾಗಿದೆ ಎಂದು. ಎಮ್ಮೆ ಎನ್ನಲು ಬಾಯಿ ಬರಲಿಲ್ಲ. ಎಮ್ಮೆಯ ಜೊತೆ ಸೆಗಣಿ ಬರುತ್ತದೆ, ಹಳ್ಳಿ ಬರುತ್ತದೆ, ನಮ್ಮ ಹರಕು ಮರಾಠಿ ಬರುತ್ತದೆ. “ಫುಟ್‌ಬಾಲ್” ಅಂದೆ. ದಖ್ಖನ್ ಲೀಗಿನಲ್ಲಿ ದೌಂಡಕ್ಕೆ ಆಡುತ್ತಿದ್ದರು, ಕೊನೆಯ ಪಂದ್ಯದಲ್ಲಿ ಬಾರಾಮತಿಯವರು ಕಾಲು ಮುರಿದರು. ಎಷ್ಟು ಸರಾಗವಾಗಿ ಹೇಳಿದೆನೆಂದರೆ, ಬಿಂದಿಗೆ ತುಂಬಿ ಹರಿಯುತ್ತಿದ್ದುದು ಯಾರಿಗೂ ಕಾಣಲಿಲ್ಲ. ಆಟಗಾರರ ಹೆಸರುಗಳೆಲ್ಲ ನನಗೆ ಬಾಯಿಪಾಠವಿದ್ದವಲ್ಲ.

ಮಾತು ನಳದಿಂದ ಮಹಡಿಗೆ, ಮಹಡಿಯಿಂದ ವಾಡೆಯ ಗಣೇಶೋತ್ಸವ ಮಾಡುವ ಹಿರಿಯರಿಗೆ ಹೋಯಿತು. ಆ ವರ್ಷ ಒಂದು ಸಂಜೆ, ಆರತಿ ಮುಗಿದ ಮೇಲೆ ಕಾಕಾನನ್ನು ಕರೆದರು. ಪ್ರಸಾದಕ್ಕೆ ಕೈ ಬೇಕಾಗಿದೆ ಎಂದುಕೊಂಡು ಅವರು ಹೆಗಲ ಮೇಲಿನ ವಸ್ತ್ರಕ್ಕೆ ಕೈಯೊರಸುತ್ತ ಬಂದರು. ಹಿರಿಯರೊಬ್ಬರು ದೊಡ್ಡ ದೊಡ್ಡ ಪದಗಳ ಮರಾಠಿಯಲ್ಲಿ ಮಾತಾಡಿದರು. ಕಾಕಾನಿಗೆ ಕಾಯಿಪಲ್ಯೆ ಕೊಳ್ಳುವಷ್ಟೇ ಮರಾಠಿ, ನಗುತ್ತ ನಿಂತಿದ್ದರು. ಹೆಗಲಿಗೆ ಶಾಲು ಬಿತ್ತು, ಕೈಗೆ ತೆಂಗಿನಕಾಯಿ ಬಂತು. ಆಗ ದೌಂಡ, ಲೀಗ್, ಬಾರಾಮತಿ ಎಂಬ ಮಾತುಗಳು ಕಿವಿಗೆ ಬಿದ್ದಿರಬೇಕು. ಎರಡು ಮಾತಾಡಿ ಎಂದರು. ಕಾಕಾ ಗುಂಪಿನಲ್ಲಿ ನನ್ನನ್ನು ಹುಡುಕಿದರು. ನಾನು ಸುಮನ್‌ಳ ಪಕ್ಕದಲ್ಲೇ ನಿಂತಿದ್ದೆ. ಆಗಲೂ ನಾನು ಓಡಿಹೋಗಿ ಸುಳ್ಳು ಎನ್ನಬಹುದಿತ್ತು. ತಲೆ ತಗ್ಗಿಸಿದೆ. ಆಮೇಲೆ, ಬೆಳಗಿನ ಸಾರನ್ನು ಬೆಳಗಿನದೆಂದೇ ಹೇಳುತ್ತಿದ್ದ ಆ ಮನುಷ್ಯ, “ಮೀ ದೌಂಡಕಡೂನ್ ಖೇಳ್ಲೊ” ಅಂದರು, ನಾನು ದೌಂಡದ ಪರ ಆಡಿದೆ ಎಂದು. ಜನ ಚಪ್ಪಾಳೆ ತಟ್ಟಿದರು. ಸುಮನ್ ಎಲ್ಲರಿಗಿಂತ ಜೋರಾಗಿ ತಟ್ಟಿದಳು.

ಅಡುಗೆಮನೆಗೆ ಬಂದು ಶಾಲು ಮಡಚಿ ಗೂಡಿನಲ್ಲಿಟ್ಟರು. ಬೈಯುತ್ತಾರೆಂದು ಕಾಯುತ್ತಿದ್ದೆ, ಹೊಡೆದಿದ್ದರೆ ಚೆನ್ನಾಗಿತ್ತು. ಒಲೆಯ ಕಡೆ ಮುಖ ಮಾಡಿ ಕೇಳಿದರು, “ನನ್ನ ಕಾಲಿನ ಸಲುವಾಗಿ ನಿನಗ ಅಷ್ಟು ನಾಚಿಕಿ ಬರತಿತ್ತೇನ, ತಂಗಿ?” ನಾನು ತೊಳೆದ ತಾಟುಗಳನ್ನು ಗೋಡೆಗೆ ಒರಗಿಸುತ್ತ ಹೋದೆ. ಮರುದಿನದಿಂದ ಅವರು ಅಂಗಳಕ್ಕೆ ಹೋಗುವುದು ಕಡಿಮೆಯಾಯಿತು. ಹೋದರೆ ಹುಡುಗರು ಚೆಂಡು ಉರುಳಿಸಿ, ಕಾಕಾ ಒಂದು ಒದ್ದು ತೋರಿಸಿ ಎನ್ನುತ್ತಿದ್ದರು. ಊಟಕ್ಕೆ ಬಂದವರು ಕಾಲಿನ ಬಗ್ಗೆ ಕೇಳಿದರೆ ಒಳಗೆ ಸರಿಯುತ್ತಿದ್ದರು. ಕುಂಟುತ್ತಲೇ ತಲೆಯೆತ್ತಿ ನಡೆಯುತ್ತಿದ್ದವರನ್ನು ಅಡುಗೆಮನೆಗೆ ಸೇರಿಸಿದವಳು ನಾನು. ರಘುವೂ ನಾನೂ ಮತ್ತೆ ಮೈದಾನ ಬರೆಯಲಿಲ್ಲ. ಎರಡು ವರ್ಷದ ಮೇಲೆ ಕಾಕಾ ಊರಿಗೆಂದು ಹೋದವರು ಜ್ವರದಲ್ಲಿ ಅಲ್ಲೇ ತೀರಿಕೊಂಡರು. ಆ ಸುಳ್ಳನ್ನು ನಾನು ಆಮೇಲೂ ಬಿಡಲಿಲ್ಲ. ಮಗನಿಗೆ ತುತ್ತು ತಿನ್ನಿಸುವಾಗ ಅದನ್ನೇ ಕಥೆಯಾಗಿ ಹೇಳಿದೆ, ಅವನು ಮಗಳಿಗೆ ಹೇಳಿದ.

ವಾಡೆ ಹೋಗಿ ಅಲ್ಲೀಗ ಆರು ಅಂತಸ್ತು ನಿಂತಿದೆ. ಅಪ್ಪ, ಅವ್ವ, ರಘು ಯಾರೂ ಇಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಆ ಪುಟ ಹಾಗೇ ಅಚ್ಚಾಗುತ್ತಿತ್ತು, ಹುಡುಗಿಗೂ ಒಂದು ಹೆಮ್ಮೆ ಉಳಿಯುತ್ತಿತ್ತು. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬಹುದು, ಎಲ್ಲರಿಗೂ ಬಡಿಸಿ ಗೋಡೆಯ ಕಡೆ ಸರಿದು ಕುಳಿತವರು. ಅವರ ಬಗ್ಗೆ ಇನ್ನೊಂದು ಸಲ ಸುಳ್ಳಾಡಲು ನನ್ನಿಂದಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಎಮ್ಮೆಯ ಮಾತಿಗೆ ಶರ್ವರಿ ನಕ್ಕಳು, ಶಾಲಿನ ಮಾತಿಗೆ ಕಾಲನ್ನು ನನ್ನ ತೊಡೆಯ ಮೇಲಿಂದ ಎಳೆದುಕೊಂಡಳು. “ನೀ ಸಾರಿ ಅಂದೇನಜ್ಜಿ ಅವರಿಗೆ?” ಎಂದಳು. ಇಲ್ಲ ಎಂದೆ. ಅವಳು ಹಾಳೆ ಹರಿದು ಹೊಸದು ತೆಗೆದಳು.

“ಖರೇ ಕಾಕಾನ ಬಗ್ಗೆ ಬರೀತೀನಿ. ಹೇಳು, ಹೆಂಗಿದ್ರು ಅವರು?”

“ಭಾಳ ಒಳ್ಳೆಯವರಿದ್ರು.”

“ಎಲ್ಲಾರಿಗೂ ಹಂಗೇ ಅಂತೀ ನೀ. ಅವರಿಗೆ ಏನು ಸೇರತಿತ್ತು? ಏನು ಉಣ್ಣತಿದ್ರು?”

ತಳೇಗಾಂವದ ಗೋಲು ಕಾಯುವವನು ಯಾರು, ಅವನ ಅಪ್ಪ ಯಾರು, ಅವನು ಯಾವ ಪಂದ್ಯದಲ್ಲಿ ಬಿದ್ದ ಎಂಬುದೆಲ್ಲ ನನಗೆ ಇವತ್ತಿಗೂ ನೆನಪಿದೆ. ಕಾಕಾ ಎಲ್ಲರದೂ ಮುಗಿದ ಮೇಲೆ ಉಣ್ಣುತ್ತಿದ್ದರು. ಅಷ್ಟು ಹೊತ್ತಿಗೆ ನಾನು ಯಾವತ್ತೂ ಆ ಕಡೆ ನೋಡಿದವಳಲ್ಲ. ಮೊಮ್ಮಗಳು ಪೆನ್ನು ಹಿಡಿದು ಬಹಳ ಹೊತ್ತು ಕಾದಳು.