ದೊಡ್ಡ ಸಾಹೇಬರ ಕುರ್ಚಿಗೆ ಬೇಕಾದ ಯೋಗ್ಯತೆ

ನಾನು ಕಲಿತದ್ದು ಮೂರನೇ ಇಯತ್ತೆ. ಹಾಗಂತ ಕಲಿತವರನ್ನು ಕಂಡು ಬಾಯಿ ಬಿಡುವ ಸ್ವಭಾವ ನನ್ನದಲ್ಲ. ಎಷ್ಟೋ ಡಿಗ್ರಿಯವರು ಸರಿಯಾಗಿ ಒಂದು ಮೊಳೆ ಹೊಡೆಯಲಾರದ್ದನ್ನು ನೋಡಿದ್ದೇನೆ. ಒಂದೇ ಒಂದು ಸಲ ಬಾಯಿ ಬಿಟ್ಟಿದ್ದೇನೆ. ಅದು ಐವತ್ತರ ದಶಕದಲ್ಲಿ, ನಾಗಪುರದ ಸಿವಿಲ್ ಲೈನ್ಸಿನಲ್ಲಿ, ಒಂದು ಸರ್ಕಾರಿ ಕಚೇರಿಯ ವರಾಂಡದಲ್ಲಿ.

ನನ್ನ ಗಂಡ ಹುಬ್ಬಳ್ಳಿ ಕಡೆಯವರು. ನಾಗಪುರದಲ್ಲಿ ಸರ್ಕಾರದ ವೈರ್‌ಲೆಸ್ ಮಿಸ್ತ್ರಿ. ಮ್ಯಾಟ್ರಿಕ್ ನಪಾಸು. ಆದರೆ ಆ ಯಂತ್ರದ ಹೊಟ್ಟೆಯಲ್ಲಿ ಏನೇನಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರು. ಒಮ್ಮೆ ನನ್ನ ಕಿವಿಗೂ ಅದನ್ನು ಹಚ್ಚಿದ್ದರು. ಜಬಲ್ಪುರದಲ್ಲಿ ಯಾರೋ ಕೆಮ್ಮಿದ. ನಡುವೆ ಒಂದು ತಂತಿಯೂ ಇಲ್ಲ, ಕೆಮ್ಮು ಮಾತ್ರ ಪಕ್ಕದಲ್ಲೇ ಕೂತವನದಂತೆ ಕೇಳಿಸಿತು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಯಂತ್ರಕ್ಕೆ ಒಂದು ಚಾಳಿಯಿತ್ತು. ಬೇಸಿಗೆಯ ಮಧ್ಯಾಹ್ನ ಅದರ ದನಿ ತನ್ನ ಜಾಗ ಬಿಟ್ಟು ಜಾರುತ್ತಿತ್ತು. ಆ ಕಡೆಯವರು ಎಷ್ಟು ಹುಡುಕಿದರೂ ಸಿಗುತ್ತಿರಲಿಲ್ಲ. ಆಗ ಇವರು ಪೆಟ್ಟಿಗೆಯ ಮೇಲೆ ಒದ್ದೆ ಬಟ್ಟೆ ಹೊದಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ದನಿ ಮರಳಿ ಜಾಗಕ್ಕೆ ಬರುತ್ತಿತ್ತು. ಹನ್ನೊಂದು ವರ್ಷ ಹೀಗೇ ನಡೆಯಿತು. ನನ್ನ ಹಳೆಯ ಸೀರೆಗಳೆಲ್ಲ ಅದರ ಮೇಲೆಯೇ ಹರಿದು ಮುಗಿದವು.

ಅಂಥದರಲ್ಲಿ ಸರ್ಕಾರ ಜಿಲ್ಲೆ ಜಿಲ್ಲೆಗೂ ವೈರ್‌ಲೆಸ್ ಹಾಕಲು ಹೊಸ ವಿಭಾಗ ತೆರೆಯಿತು. ಅದಕ್ಕೊಬ್ಬ ದೊಡ್ಡ ಸಾಹೇಬ ಬೇಕೆಂದು ಹಿಂದಿ ಪೇಪರಿನಲ್ಲಿ ಬಂತು. ಇವರು ಜೋರಾಗಿ ಓದಿದರು: "ಯೋಗ್ಯತಾ..."

ಒಳಗೆ ಅಕ್ಕಿ ಆರಿಸುತ್ತಿದ್ದ ಅತ್ತೆ ತಲೆ ಎತ್ತಿದರು. "ಅಯ್ಯ, ಮುಖಕ್ಕ ಹೊಡದಂಗ ಕೇಳ್ತಾರಲ್ಲೋ! ನಾ ನಿನಗ ದಿನಾ ಬೈಯೋ ಮಾತು ಪೇಪರ್‌ನ್ಯಾಗ ಯಾಕ ಹಾಕ್ಯಾರ?"

"ಬೈಗುಳ ಅಲ್ಲವ್ವ. ಎಷ್ಟು ಕಲ್ತಿ ಅಂತ ಕೇಳ್ಯಾರ. ಇಂಜಿನಿಯರ್ ಡಿಗ್ರಿ ಬೇಕಂತ, ಇಲ್ಲಾ ಎಂಎಸ್ಸಿ."

"ಹಂಗಾದ್ರ ಬೈಗುಳನ ಆತಲ್ಲ ನಿನಗ," ಎಂದರು ಅತ್ತೆ.

"ಡಿಗ್ರಿ ಏನು ಮಷೀನ್ ರಿಪೇರಿ ಮಾಡ್ತದೇನು?" ಎಂದು ಇವರು ಅರ್ಜಿ ಬರೆದೇಬಿಟ್ಟರು. ಇಂಥ ದಿನ ಬೆಳಿಗ್ಗೆ ಬೋರ್ಡಿನ ಮುಂದೆ ಬರಬೇಕೆಂದು ಕಾಗದ ಬಂದಾಗ ನಮಗೆ ಕುರ್ಚಿಯೇ ಬಂದಷ್ಟು ಸಂತೋಷವಾಯಿತು. ಮದುವೆಯ ಕೋಟಿಗೆ ಇಸ್ತ್ರಿ ಹಾಕಿಸಿದೆ. ಅವರು ಬೇಡವೆಂದರೂ ನಾನೂ ಜೊತೆಗೆ ಹೊರಟೆ.

ಬಾಗಿಲಲ್ಲೇ ಕಾರಕೂನ ತಡೆದ. "ಮಿಸ್ತ್ರಿ, ಡಿಗ್ರಿ ಇಲ್ಲದ್ದಕ್ಕೆ ನಿಮ್ಮ ಅರ್ಜಿ ತೆಗೆದುಕೊಂಡಿಲ್ಲ. ಬಂದವರನ್ನು ಪರೀಕ್ಷೆ ಮಾಡಲು ಮಷೀನ್ ಬಲ್ಲವರು ಒಬ್ಬರು ಬೇಕು. ಅದಕ್ಕೆ ಕರೆದಿದ್ದಾರೆ," ಎಂದ.

ನನಗೆ ರಕ್ತ ಕುದಿಯಿತು. "ನಡೀರಿ ಮನಿಗೆ," ಎಂದೆ. ಇವರು ಕೋಟಿನ ಗುಂಡಿ ಹಾಕಿಕೊಂಡು ಒಳಗೆ ಹೋಗಿ ಕೂತರು.

ಬಿಸಿಲಿಗೆ ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿದ್ದರು. ಅದರ ಸಂದಿಯಿಂದ ವರಾಂಡದಲ್ಲಿ ನಿಂತ ನನಗೆ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಮೂವರು ಸಾಹೇಬರು, ಮೇಜಿನ ಮೇಲೆ ಇವರದೇ ಆ ಯಂತ್ರ, ಪಕ್ಕದ ಸ್ಟೂಲಿನಲ್ಲಿ ನನ್ನ ಗಂಡ. ಪರೀಕ್ಷೆಗೆಂದು ಇವರು ಕೆಡಿಸಿಟ್ಟ ಯಂತ್ರವನ್ನು ಮೊದಲು ಬಂದ ಇಬ್ಬರೂ ಬಿಚ್ಚಿ, ಇಂಗ್ಲಿಷಿನಲ್ಲಿ ಬೇಕಾದಷ್ಟು ಮಾತಾಡಿ, ಹಾಗೇ ಬಿಟ್ಟು ಹೋದರು. ಇವರು ಮೀಸೆಯಲ್ಲೇ ನಗುತ್ತಿದ್ದರು. ಸುಳ್ಳೇಕೆ ಹೇಳಲಿ, ನಾನೂ ನಗುತ್ತಿದ್ದೆ. ಯಾರೂ ಪಾಸಾಗದಿದ್ದರೆ ಇವರಿಗೇ ಕೊಟ್ಟಾರು ಎಂಬ ಆಸೆ.

ಮೂರನೆಯವನು ಸಣ್ಣ ವಯಸ್ಸಿನವನು, ಕಡ್ಡಿಯಂಥ ಆಳು. ಯಂತ್ರವನ್ನು ಮುಟ್ಟಲೇ ಇಲ್ಲ. ಇವರ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದ: "ಇದನ್ನು ಕಡೆಯ ಸಲ ಬಿಚ್ಚಿದವರು ಯಾರು?"

"ನಾನೇ, ಸಾಬ್."

"ಹಾಗಾದರೆ ಏನು ಕಿತ್ತಿದ್ದೀರಿ, ನೀವೇ ಹೇಳಿಬಿಡಿ." ಸಾಹೇಬರೂ ನಕ್ಕರು. ಆಮೇಲೆ ಅವನು ಪೆಟ್ಟಿಗೆಯ ಮೇಲಿನ ನೀರಿನ ಕಲೆ ನೋಡಿ, "ಇದೇನು?" ಎಂದ. ಇವರು ನಾಚಿಕೊಂಡು ಒದ್ದೆ ಬಟ್ಟೆಯ ಕಥೆ ಹೇಳಿದರು.

ಅವನು ಸೀಮೆಸುಣ್ಣ ತೆಗೆದುಕೊಂಡ. ಗೋಡೆಯ ಕರಿಹಲಗೆಯ ತುಂಬ ಲೆಕ್ಕ ಬರೆದ. ಬರೆಯುತ್ತ ಇವರಿಗೇ ಹೇಳುತ್ತಿದ್ದ, ಸಾಹೇಬರಿಗಲ್ಲ. ಬಿಸಿಗೆ ಒಳಗಿನ ಸುರುಳಿ ಕೂದಲೆಳೆಯಷ್ಟು ಹಿಗ್ಗುತ್ತದೆ, ದನಿ ಅಷ್ಟೇ ಜಾರುತ್ತದೆ. ಬಿಸಿಯಾದಾಗ ಸುರುಳಿಗೆ ತಿರುಗಾಮುರುಗಾ ನಡೆಯುವ ಬಿಲ್ಲೆಯೊಂದನ್ನು ಪಕ್ಕಕ್ಕೆ ಕೂಡಿಸಿದರೆ ಎರಡೂ ಸರಿಹೋಗುತ್ತವೆ, ಬಟ್ಟೆ ಬೇಕಿಲ್ಲ. ಎಂಥ ಬಿಲ್ಲೆ, ಎಷ್ಟರದು ಎಂದು ಕಡೆಯ ಸಾಲಿನಲ್ಲಿ ಬರೆದು ಕೈ ಒರೆಸಿಕೊಂಡ. ಯಂತ್ರವನ್ನು ಅವನಿನ್ನೂ ಮುಟ್ಟಿರಲಿಲ್ಲ.

ನನ್ನ ಗಂಡ ಎದ್ದು ನಿಂತಿದ್ದರು. ಯಾವ ಸಾಹೇಬ ಬಂದರೂ ಸ್ಟೂಲು ಬಿಟ್ಟೇಳದ ಮನುಷ್ಯ. ಹಲಗೆಯ ಹತ್ತಿರ ಹೋಗಿ ಆ ಕೊನೆಯ ಸಾಲನ್ನೇ ನೋಡುತ್ತ ನಿಂತರು. ಆಗಲೇ ನಾನು ಬಾಯಿ ಬಿಟ್ಟದ್ದು.

ಬಂದವರೆಲ್ಲ ಹೋದಮೇಲೆ ಸಾಹೇಬರಲ್ಲಿ ದೊಡ್ಡವರು, ಯಾರನ್ನು ತೆಗೆದುಕೊಳ್ಳೋಣ ಎಂದು ಇವರನ್ನೇ ಕೇಳಿದರು: "ಬೋಲೋ ಮಿಸ್ತ್ರಿ, ಕೌನ್?"

ಸುಮ್ಮನಿರಿ, ಸುಮ್ಮನಿರಿ ಎಂದು ನಾನು ತಟ್ಟಿಯ ಹಿಂದೆ ಹಲ್ಲು ಕಚ್ಚಿದೆ.

"ವಹೀ, ಸಾಬ್. ದೂಸರಾ ಕೋಯಿ ನಹೀಂ," ಎಂದು ಇವರು ಆ ಕಡ್ಡಿಯಂಥವನನ್ನೇ ಹೇಳಿಬಿಟ್ಟರು.

ರಸ್ತೆಗೆ ಬಂದಮೇಲೆ ತಡೆಯಲಾಗಲಿಲ್ಲ. "ಕೈಯಾರೆ ಕುರ್ಚಿ ಕೊಟ್ಟು ಬಂದ್ರಿ."

"ಅದು ನಂದಾಗಿದ್ರಲ್ಲ ಕೊಡಾಕ? ನನಗ ಕೆಟ್ಟದ್ದು ರಿಪೇರಿ ಮಾಡಾಕ ಬರ್ತದ. ಅಂವಗ ಇನ್ನೂ ಹುಟ್ಟದ ಮಷೀನ್ ಎಲ್ಲಿ ಕೆಡ್ತದ ಅನ್ನೋದು ಗೊತ್ತಾಗ್ತದ. ಜಿಲ್ಲಾ ಜಿಲ್ಲಾಕ್ಕ ಹಾಕೋರಿಗೆ ಅದು ಬೇಕು, ನಂದಲ್ಲ." ನಾಲ್ಕು ಹೆಜ್ಜೆ ನಡೆದು ಮತ್ತೆ ಅಂದರು, "ಹನ್ನೊಂದು ವರ್ಷ ಬಟ್ಟಿ ಹಾಕೀನಿ. ಯಾಕ ಹಾಕ್ತೀನಿ ಅಂತ ಇವತ್ತ ಗೊತ್ತಾತು ನೋಡು."

ಬೇವಿನ ಮರದ ಕೆಳಗೆ ಕೂತು ಕಡ್ಡಿಯಿಂದ ಮಣ್ಣಿನಲ್ಲಿ ಸುರುಳಿ ಬರೆದರು, ಪಕ್ಕದಲ್ಲಿ ಬಿಲ್ಲೆ ಬರೆದರು. ಇಸ್ತ್ರಿ ಹಾಕಿದ ಕೋಟು ಧೂಳಾಯಿತು. ಒಂದು ಹಿಗ್ಗುವುದನ್ನೂ ಇನ್ನೊಂದು ಅದನ್ನು ಹಿಡಿಯುವುದನ್ನೂ ಕೈ ಮಾಡಿ ತೋರಿಸಿದರು. ನನಗೆ ಏನೂ ತಿಳಿಯಲಿಲ್ಲ. ತಿಳಿಯಿತೆಂದು ತಲೆಯಾಡಿಸುವವಳೂ ನಾನಲ್ಲ.

"ಇನ್ನೊಮ್ಮೆ ಹೇಳ್ರಿ," ಎಂದೆ.

ಮೊದಲಿಂದ ಹೇಳತೊಡಗಿದರು.